ಆಯ್ತಾ ಮೇಡಂ

ಮೊದಲ ವರ್ಷದ ಭೌತಶಾಸ್ತ್ರದ ಮಕ್ಕಳು ಅವಳಿಗೆ ಇಟ್ಟಿದ್ದ ಹೆಸರು 'ಆಯ್ತಾ ಮೇಡಂ'. ಹೆಸರಿಡುವುದರಲ್ಲಿ ಆ ತರಗತಿಗಿದ್ದ ಪ್ರತಿಭೆಯ ಕಾಲುಭಾಗ ಲೆಕ್ಕ ಬಿಡಿಸುವುದರಲ್ಲಿ ಇದ್ದಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥೆ ಅವರ ಬಾಯಲ್ಲಿ 'ಅಲಾರಾಂ', ಪ್ರಯೋಗಾಲಯದ ಬೀಗದ ಕೈ ಇಟ್ಟುಕೊಂಡಾತ 'ಮುಟ್ಬೇಡಿ'. ಇವಳ ಹೆಸರು ಮಾತ್ರ ಇವಳ ಸ್ವಂತ ಬಾಯಿಂದಲೇ ಬಂದದ್ದು. ಐದು ನಿಮಿಷಕ್ಕೊಮ್ಮೆ ಬೋರ್ಡಿನಿಂದ ಈಚೆ ತಿರುಗಿ, ಸೀಮೆಸುಣ್ಣದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, "ಅರ್ಥ ಆಯ್ತಾ?" ಎಂದು ಕೇಳುವುದು ಅವಳ ಅಭ್ಯಾಸ. ಕೇಳಿ ಕೇಳಿ ಮಾತು ಸವೆದು ಈಗ ಬರೀ "ಆಯ್ತಾ?" ಉಳಿದಿತ್ತು. ಅರ್ಥ ಯಾವಾಗ ಬಿದ್ದುಹೋಯಿತೋ ಅವಳಿಗೂ ಗೊತ್ತಾಗಲಿಲ್ಲ, ಮಕ್ಕಳಿಗೂ ಗೊತ್ತಾಗಲಿಲ್ಲ.

ಅವಳು ಪೂರಾ ಮೇಡಂ ಕೂಡ ಅಲ್ಲ. ಅದೇ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ. ಶಿಷ್ಯವೇತನ ಕೊಡುವವರು ಸುಮ್ಮನೆ ಕೊಡುತ್ತಾರೆಯೇ? ವಾರಕ್ಕೆರಡು ಟ್ಯುಟೋರಿಯಲ್ ತರಗತಿ ತೆಗೆದುಕೊಳ್ಳಬೇಕು, ಪ್ರೊಫೆಸರರು ಪಾಠ ಮಾಡಿ ಹೋದದ್ದನ್ನು ಮಕ್ಕಳಿಂದ ಲೆಕ್ಕ ಮಾಡಿಸಬೇಕು. ಉಳಿದ ಸಂಶೋಧಕರು ಇದನ್ನು ಮನೆಯ ಕಸ ಗುಡಿಸುವ ಸರದಿಯ ಹಾಗೆ ಮುಗಿಸಿ ಓಡುತ್ತಿದ್ದರು. ಇವಳಿಗೆ ಪಾಠ ಹೇಳುವುದೆಂದರೆ ಪ್ರಾಣ. ಪಿಎಚ್‌ಡಿಗೆ ಸೇರಿದ್ದೂ ಅದಕ್ಕೇ, ಆ ಪದವಿ ಇಲ್ಲದಿದ್ದರೆ ಯಾವ ಕಾಲೇಜೂ ಅವಳನ್ನು ಖಾಯಂ ಆಗಿ ಬೋರ್ಡಿನ ಮುಂದೆ ನಿಲ್ಲಲು ಬಿಡುವುದಿಲ್ಲವಲ್ಲ. ವರ್ಷಕ್ಕೊಮ್ಮೆ ಪ್ರಗತಿ ಸೆಮಿನಾರ್ ಎಂಬುದೊಂದು ಇತ್ತು. ಅಲ್ಲಿ ಸಮಿತಿಯವರು 'ಮುಂದುವರಿಯಲಿ' ಎಂದರೆ ಸಂಶೋಧನೆಯೂ ಉಳಿಯಿತು, ತರಗತಿಯೂ ಉಳಿಯಿತು. 'ಬೇಡ' ಎಂದರೆ ಎರಡೂ ಒಟ್ಟಿಗೆ ಕೈಬಿಟ್ಟು ಹೋದವು.

ತರಗತಿ ಇದ್ದದ್ದು ಮೂರನೇ ಮಹಡಿಯ ಕೊನೆಯಲ್ಲಿ. ಬೋರ್ಡಿನ ಬಲಮೂಲೆಗೆ ಸೀಮೆಸುಣ್ಣ ಹಿಡಿಯುತ್ತಿರಲಿಲ್ಲ, ಅಲ್ಲಿ ಬರೆದ ಉತ್ತರ ಬರೆದವರಿಗೆ ಮಾತ್ರ ಕಾಣುತ್ತಿತ್ತು. ಫ್ಯಾನು ತಿರುಗುವಾಗ ಗೊಣಗುತ್ತಿತ್ತು, ನಿಲ್ಲಿಸಿದರೆ ಮಕ್ಕಳು ಗೊಣಗುತ್ತಿದ್ದರು. ಆದರೂ ಅವಳು "ಆಯ್ತಾ?" ಎಂದ ತಕ್ಷಣ ಇಡೀ ತರಗತಿ ಕೋಲೆ ಬಸವನ ಹಾಗೆ ತಲೆಯಾಡಿಸಿ, ಒಂದೇ ರಾಗದಲ್ಲಿ "ಆಯ್ತೂ" ಎನ್ನುತ್ತಿತ್ತು. ಆ ರಾಗ ಕೇಳಿದರೆ ಅವಳಿಗೆ ಊಟ ಮಾಡಿದಷ್ಟು ತೃಪ್ತಿ.

"ನನ್ ಮಕ್ಕಳು ಎಷ್ಟು ಚುರುಕು ಗೊತ್ತಾಮ್ಮಾ? ಒಂದ್ ಸಲ ಹೇಳಿದ್ರೆ ಸಾಕು, ಅರ್ಥ ಮಾಡ್ಕೋತಾರೆ," ಎಂದಳು ಒಂದು ದಿನ ಮನೆಯಲ್ಲಿ.

ಅಮ್ಮ ಆಸ್ಪತ್ರೆಯಲ್ಲಿ ನರ್ಸು, ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿ ಕುಳಿತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಅಣ್ಣ ಮೂಗು ತೂರಿಸಿದ. ಅವನದು ಲಿಫ್ಟ್ ರಿಪೇರಿಯ ಕೆಲಸ, ತಂಗಿಯನ್ನು ಮೇಲಿನಿಂದ ಕೆಳಗಿಳಿಸುವುದೂ ಅದರಲ್ಲೇ ಸೇರಿತ್ತು. "ಒಂದೇ ಸಲಕ್ಕೆ ಅರ್ಥ ಮಾಡ್ಕೊಳ್ಳೋರು ನಿನ್ ಹತ್ರ ಯಾಕೆ ಬರ್ತಾರೆ ಮಾರಾಯ್ತಿ? ಅವರೇ ಮೇಡಂ ಆಗ್ತಿದ್ರು."

"ನಿಂಗೆ ಹೊಟ್ಟೆಕಿಚ್ಚು," ಎಂದಳು ತಂಗಿ.

ಹೊಟ್ಟೆಕಿಚ್ಚೋ ಅಲ್ಲವೋ ಮುಂದಿನ ವಾರದ ಕಿರುಪರೀಕ್ಷೆಯಲ್ಲಿ ಗೊತ್ತಾಯಿತು. ಪ್ರಶ್ನೆ ಸುಲಭದ್ದು. ಜೋರಾಗಿ ಬರುತ್ತಿರುವ ಲಾರಿಯೊಂದು ನಿಂತ ಸೈಕಲ್ಲಿಗೆ ಗುದ್ದುತ್ತದೆ. ಲಾರಿ ಸೈಕಲ್ಲನ್ನು ತಳ್ಳುವ ಬಲ ಹೆಚ್ಚೋ, ಸೈಕಲ್ಲು ಲಾರಿಯನ್ನು ತಳ್ಳುವ ಬಲ ಹೆಚ್ಚೋ, ಎರಡೂ ಸಮವೋ? ಸಮ ಎಂಬುದು ಸರಿಯುತ್ತರ. ಯಾವುದೇ ಎರಡು ವಸ್ತು ಒಂದನ್ನೊಂದು ತಳ್ಳಿದರೆ ತಳ್ಳುವಿಕೆ ಎರಡೂ ಕಡೆ ಅಷ್ಟಕ್ಕಷ್ಟೇ. ಇದನ್ನು ಅವಳು ಬಾಯಿ ನೋಯುವಷ್ಟು ಹೇಳಿದ್ದಳು, ಪ್ರತಿಸಲವೂ "ಆಯ್ತೂ" ಎಂದು ಮಂಗಳಾರತಿ ಹಾಡಿಸಿಕೊಂಡಿದ್ದಳು.

ಉತ್ತರಪತ್ರಿಕೆಗಳಲ್ಲಿ ಲಾರಿಗಳು ಮೆರವಣಿಗೆ ಹೊರಟಿದ್ದವು. ಒಬ್ಬ 'ಸೈಕಲ್ಲು ನಿಂತಿರುವುದರಿಂದ ಅದಕ್ಕೆ ಬಲವೇ ಇಲ್ಲ' ಎಂದು ಬರೆದಿದ್ದ. ಇನ್ನೊಬ್ಬ ನ್ಯಾಯಾಧೀಶನಾಗಿ 'ತಪ್ಪು ಲಾರಿಯವನದೇ' ಎಂದು ತೀರ್ಪು ಕೊಟ್ಟಿದ್ದ. ಕಿಟಕಿ ಪಕ್ಕ ಕೂರುವ, ಊದಿದರೆ ಹಾರಿಹೋಗುವಂಥ ಹುಡುಗಿಯೊಬ್ಬಳು ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು: 'ನಿಜವಾಗಿ ಲಾರಿಯದೇ ಹೆಚ್ಚು. ಆದರೆ ನಿಯಮದ ಪ್ರಕಾರ ಸಮ ಎಂದು ಬರೆಯಬೇಕು.'

ಅದನ್ನೋದಿ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಅದನ್ನೇ ಮತ್ತೊಮ್ಮೆ ಓದಿದಳು. ಇಡೀ ಕಟ್ಟಿನಲ್ಲಿ ಪ್ರಾಮಾಣಿಕವಾದ ಉತ್ತರ ಅದೊಂದೇ ಇತ್ತು. ನಿಜ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ. ನಡುವೆ ಇವಳು ಇಷ್ಟು ದಿನ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ ಸುರಿದಿದ್ದಳು. ತುಂಬ ಬೇಜಾರಾಯಿತು, ಸಿಟ್ಟೂ ಬಂತು.

ಮರುದಿನ ತರಗತಿಗೆ ಹೋದವಳೇ ಪತ್ರಿಕೆಗಳನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದಳು. "ಒಂದೇ ಒಂದು ಪ್ರಶ್ನೆ ಕೇಳ್ತೀನಿ, ಸುಳ್ಳು ಹೇಳ್ಬೇಡಿ. ನಾನು ಆಯ್ತಾ ಅಂದಾಗ ಎಲ್ರೂ ಆಯ್ತು ಅಂತೀರಲ್ಲ, ಏನು ಆಯ್ತು?"

ತರಗತಿ ಇಂಗು ತಿಂದ ಮಂಗನ ಹಾಗೆ ಕುಳಿತಿತ್ತು. ಕೊನೆಗೆ ಹಿಂದಿನ ಬೆಂಚಿನ ದಪ್ಪ ಮೈಯ ಹುಡುಗ, ಗೆಳೆಯರ ಬಾಯಲ್ಲಿ 'ಪೈಲ್ವಾನ್', ತಲೆ ಕೆರೆದುಕೊಂಡ. "ನೀವು ಬರೆದಿದ್ದು ಆಯ್ತಾ ಅಂತ ಕೇಳ್ತಿದೀರಿ ಅಂದ್ಕೊಂಡಿದ್ದೆ ಮೇಡಂ. ನಾನು ಬರ್ಕೊಂಡಿದ್ದು ಆಗಿರ್ತಿತ್ತು."

"ನಾನು ಕ್ಲಾಸ್ ಆಯ್ತಾ ಅಂದ್ಕೊಂಡೆ," ಎಂದಿತು ಇನ್ನೊಂದು ದನಿ.

"ನಾನು ಸುಮ್ನೆ, ಆಯ್ತು ಬಿಡಿ ಮುಂದೆ ಹೋಗೋಣ ಅಂತ."

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ನಾನು ಹೇಳ್ಲಾ ಮೇಡಂ? ನೀವು ಹಾಗೆ ತಿರುಗಿ ನೋಡುವಾಗ ನಿಮ್ ಮುಖ ಒಂಥರಾ ಆಸೆಯಿಂದ ಇರುತ್ತೆ. ಆಗಿಲ್ಲ ಅಂದ್ರೆ ಪಾಪ, ಬೇಜಾರು ಮಾಡ್ಕೋತೀರೇನೋ ಅಂತ ಆಯ್ತು ಅಂತಿದ್ದೆ."

ಮೇಡಂ ಬೈಯಲು ತಂದಿದ್ದ ಮಾತೆಲ್ಲ ಅಲ್ಲೇ ಕರಗಿತು. ಇಷ್ಟು ದಿನ ತಾನು ಅವರಿಗೆ ಪಾಠ ಹೇಳುತ್ತಿದ್ದೇನೆ ಎಂದುಕೊಂಡಿದ್ದರೆ ಅವರು ತನ್ನನ್ನು ಸಮಾಧಾನ ಮಾಡುತ್ತಿದ್ದರು! ಯಾರು ಯಾರನ್ನು ನೋಡಿಕೊಳ್ಳುತ್ತಿದ್ದರೋ ದೇವರೇ ಬಲ್ಲ. ಅವಳು ಜೋರಾಗಿ ನಕ್ಕುಬಿಟ್ಟಳು, ಬೆನ್ನಿಗೇ ತರಗತಿಯೂ ನಕ್ಕಿತು.

"ಸರಿ. ಇವತ್ತಿಂದ ಈ ಕೋಣೇಲಿ ಆಯ್ತು ಅನ್ನೋ ಮಾತು ಬಂದ್. ನಾನೂ ಅನ್ನಲ್ಲ, ನೀವೂ ಅನ್ನಬಾರ್ದು. ಅಂದವರು ಬೋರ್ಡ್ ಒರೆಸ್ಬೇಕು. ಅರ್ಥ ಆಗಿದ್ರೆ ಮಾಡಿ ತೋರಿಸಿ, ಆಗದಿದ್ರೆ ಆಗ್ಲಿಲ್ಲ ಅನ್ನಿ."

ಆಮೇಲೆ ಅವಳು ಆಫೀಸಿನಿಂದ ಗಾಲಿಯಿರುವ ಎರಡು ಕುರ್ಚಿಗಳನ್ನು ಉರುಳಿಸಿಕೊಂಡು ಬಂದಳು. ಗುಮಾಸ್ತರು ಕಾಫಿಗೆ ಹೋಗಿದ್ದರು, ಕೇಳುವ ಗೊಡವೆಗೆ ಅವಳು ಹೋಗಲಿಲ್ಲ. ಒಂದರಲ್ಲಿ ಪೈಲ್ವಾನ್, ಇನ್ನೊಂದರಲ್ಲಿ ಕಿಟಕಿಯ ಹುಡುಗಿ. ಪತ್ರಿಕೆ ಹಂಚುವಾಗ ಮೇಡಂ ಅವಳ ಉತ್ತರವನ್ನು ಗಟ್ಟಿಯಾಗಿ ಓದಿದ್ದರಿಂದ ತರಗತಿ ಅವಳಿಗೆ ಆಗಲೇ 'ಲಾರಿ' ಎಂದು ಹೆಸರಿಟ್ಟಾಗಿತ್ತು. ಇಬ್ಬರೂ ಎದುರುಬದುರು ಕುಳಿತು ಅಂಗೈಗೆ ಅಂಗೈ ಕೊಟ್ಟರು.

"ಪೈಲ್ವಾನ್, ನೀನೊಬ್ನೇ ತಳ್ಳು. ಲಾರಿ, ನೀನು ಕೈ ಗಟ್ಟಿಯಾಗಿಟ್ಕೊ ಅಷ್ಟೇ."

ಪೈಲ್ವಾನ್ ತಳ್ಳಿದ. ಲಾರಿ ಹಿಂದಕ್ಕೆ ಸರ್ರನೆ ಹೋದಳು, ಪೈಲ್ವಾನನ ಕುರ್ಚಿಯೂ ಮೆಲ್ಲಗೆ ಹಿಂದೆ ಸರಿಯಿತು. ಈಗ ಲಾರಿಯ ಸರದಿ. ಅವಳು ಹಲ್ಲು ಕಚ್ಚಿ ತಳ್ಳಿದಳು. ಪೈಲ್ವಾನ್ ಸ್ವಲ್ಪ ಹಿಂದೆ ಹೋದ. ಅವನನ್ನು ತಳ್ಳಿದ ಲಾರಿಯೇ ಮತ್ತೆ ಅವನಿಗಿಂತ ದೂರ ಹೋಗಿ ಬೆಂಚಿಗೆ ತಾಗಿ ನಿಂತಳು. ತರಗತಿ ಹೋ ಎಂದಿತು. ಯಾರು ತಳ್ಳಿದರೂ ಇಬ್ಬರೂ ಹೋಗುತ್ತಾರಲ್ಲ! ಮತ್ತೆ ಮಾಡಿ ಎಂದರು, ಮತ್ತೆ ಮಾಡಿದರು. ಎಲ್ಲರಿಗೂ ಕುರ್ಚಿ ಬೇಕಾಯಿತು.

ಲಾರಿ ಕುರ್ಚಿಯಲ್ಲೇ ಕುಳಿತು ಹಣೆ ಗಂಟಿಕ್ಕಿ ಯೋಚಿಸುತ್ತಿದ್ದವಳು ಇದ್ದಕ್ಕಿದ್ದಂತೆ ಕೂಗಿದಳು. "ಮೇಡಂ! ಹಾಗಾದ್ರೆ ಸೈಕಲ್ಲು ಅಪ್ಪಚ್ಚಿ ಆಗೋದು ಅದರ ಮೇಲೆ ಬಲ ಜಾಸ್ತಿ ಬಿದ್ದಿದ್ದಕ್ಕಲ್ಲ. ಅದು ಪಾಪ ಸೈಕಲ್ಲು ಅನ್ನೋದಕ್ಕೆ!"

ಇದಕ್ಕಿಂತ ಚೆನ್ನಾಗಿ ಅವಳ ಪಠ್ಯಪುಸ್ತಕವೂ ಹೇಳಿರಲಿಲ್ಲ. ಮೇಡಂ ಕಣ್ಣು ತೇವವಾಯಿತು. ಅದೇ ಖುಷಿಯಲ್ಲಿ ಪೈಲ್ವಾನ್ ಕೊಟ್ಟ ಕೊನೆಯ ತಳ್ಳಿಗೆ ಲಾರಿ ತೆರೆದ ಬಾಗಿಲಿನಿಂದ ಹೊರಗೆ ಹೋದಳು. ಹೊರಗೆ ಹೋಗುತ್ತಿದ್ದವರ ಮೊಣಕಾಲಿಗೆ ಕುರ್ಚಿ ತಾಗಿತು. ಅವರು ಬೇರೆ ಯಾರೂ ಅಲ್ಲ, ಮೇಡಂ ಪಿಎಚ್‌ಡಿಯ ಗೈಡ್. ವಿಭಾಗವೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಅವರ ಹಿಂದೆಯೇ ಗುಮಾಸ್ತರು, "ಯಾರ್ರೀ ನನ್ ಕುರ್ಚಿ ಹಾರಿಸ್ಕೊಂಡ್ ಹೋಗಿದ್ದು?" ಎನ್ನುತ್ತ ಬರುತ್ತಿದ್ದರು.

ಮೇಷ್ಟ್ರು ಮೊಣಕಾಲು ಸವರಿಕೊಂಡು ಒಳಗೆ ಇಣುಕಿದರು. ಬೈಯಲಿಲ್ಲ. "ಮುಂದಿನ ವಾರ ನಿನ್ನ ಸೆಮಿನಾರ್ ಅಲ್ವೇನಮ್ಮ? ಕೊನೇ ಅಧ್ಯಾಯ ಎಲ್ಲ ಆಯ್ತಾ?"

"ಆಯ್ತು ಸರ್," ಎಂದಳು ಅವಳು.

ಮೇಷ್ಟ್ರು ಹೋದರು. ಕುರ್ಚಿಗಳು ಗುಮಾಸ್ತರ ಜೊತೆ ಹೋದವು. ತರಗತಿಯಲ್ಲಿ ಮೊದಲು ಒಂದು ಕಿಸಕ್ ಎಂಬ ಸದ್ದು, ಆಮೇಲೆ ನಗೆಯ ಮಹಾಪೂರ.

"ಮೇಡಂ, ಬೋರ್ಡ್ ಒರೆಸ್ಬೇಕು ನೀವು," ಎಂದಳು ಲಾರಿ, ಡಸ್ಟರನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿ.

ಅವಳು ಬೋರ್ಡ್ ಒರೆಸಿದಳು. ಮಕ್ಕಳಿಗೆ ಬೆನ್ನು ಮಾಡಿ ಒರೆಸಿದ್ದು ಒಳ್ಳೆಯದೇ ಆಯಿತು, ಮುಖದಲ್ಲಿ ನಗುವಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಹೆಗಲ ಮೇಲೆ ಎರಡು ವರ್ಷದಿಂದ ಒಂದು ಕುಂಬಳಕಾಯಿ ಇತ್ತು.

ಅವಳ ಸಂಶೋಧನೆ ಇಷ್ಟೇ: ಆಲಿಕೆಯಲ್ಲಿ ಸುರಿದ ಕಾಳು ಕೆಲವೊಮ್ಮೆ ಸರಾಗವಾಗಿ ಬೀಳುತ್ತದೆ, ಕೆಲವೊಮ್ಮೆ ಕುತ್ತಿಗೆಯಲ್ಲಿ ಸಿಕ್ಕಿಕೊಂಡು ನಿಂತುಬಿಡುತ್ತದೆ, ಯಾಕೆ? 'ಇಷ್ಟು ವರ್ಷ ಓದಿ ಡಬ್ಬಕ್ಕೆ ಕಾಳು ತುಂಬೋದು ಕಲೀತಾ ಇದಾಳೆ' ಎಂದು ಅಣ್ಣ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅವಳು ಗಾಜಿನ ಮಣಿಗಳನ್ನು ಬೇರೆ ಬೇರೆ ಅಗಲದ ಆಲಿಕೆಗಳಲ್ಲಿ ಸುರಿದು ಅಳೆಯುತ್ತಿದ್ದಳು, ಮೇಷ್ಟ್ರು ಹಾಕಿಕೊಟ್ಟ ಸಮೀಕರಣದಿಂದ ಲೆಕ್ಕ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ, ಅವಳು ಹೊಸದಾಗಿ ಸೇರಿದ್ದಾಗ, ಮೇಷ್ಟ್ರು ತಮ್ಮ ಕೋಣೆಯ ಬೋರ್ಡಿನ ಮೇಲೆ ಆ ಉದ್ದದ ಸಮೀಕರಣ ಬರೆದರು. ಮಣಿಗಳು ಆಲಿಕೆಯ ಗೋಡೆಗೆ ಉಜ್ಜುವ ಘರ್ಷಣೆಗೆ ಅದರಲ್ಲೊಂದು ತುಂಡಿತ್ತು. ಅವರು ಆ ತುಂಡಿನ ಮೇಲೆ ಅಡ್ಡಗೆರೆ ಎಳೆದು ಏನೋ ಹೇಳಿದರು, ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅವಳಿಗೆ ಕೇಳಿಸಿದ್ದು, 'ಇದನ್ನ ಬಿಟ್ರೂ ಆಗುತ್ತೆ ನೋಡು' ಎಂದು.

ಯಾಕೆ ಬಿಡಬಹುದು? ಅವಳಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಬಾಯಿಗೆ ಬೀಗ. ಇಷ್ಟೂ ಗೊತ್ತಿಲ್ಲದವಳನ್ನು ಯಾಕೆ ಸೇರಿಸಿಕೊಂಡೆನೋ ಎಂದು ಅವರು ಅಂದುಕೊಂಡುಬಿಟ್ಟರೆ? "ಆಯ್ತು ಸರ್," ಎಂದಿದ್ದಳು. ಆಮೇಲೆ ಒಬ್ಬಳೇ ಕೂತು ಎಷ್ಟೋ ಸಲ ತಿಣುಕಿದಳು, ಹೊಳೆಯಲಿಲ್ಲ. ಅಗಲದ ಆಲಿಕೆಯಲ್ಲಿ ಲೆಕ್ಕವೂ ಅಳತೆಯೂ ಅಣ್ಣತಮ್ಮಂದಿರ ಹಾಗೆ ಹೊಂದಿಕೊಂಡವು. ಕಿರಿದಾದ ಕುತ್ತಿಗೆಯಲ್ಲಿ ಹೊಂದದಿದ್ದಾಗ ಅವಳು ಮಣಿ ಮಾರಿದ ಅಂಗಡಿಯವನನ್ನು ಬೈದುಕೊಂಡಳು: ಒಂದೇ ಗಾತ್ರದ್ದು ಎಂದು ಹೇಳಿ ಮಿಶ್ರಮಾಲು ಕೊಟ್ಟಿದ್ದಾನೆ ಎಂದು. ಕೊನೆಯ ಅಧ್ಯಾಯ ನಿಂತಿದ್ದದ್ದು ಆ ಕಿರಿದಾದ ಕುತ್ತಿಗೆಯ ಮೇಲೆಯೇ.

ಈಗ ಸೆಮಿನಾರಿನಲ್ಲಿ ಯಾರಾದರೂ ಎದ್ದು 'ಆ ತುಂಡನ್ನು ಯಾಕಮ್ಮ ಬಿಟ್ಟೆ?' ಎಂದು ಕೇಳಿದರೆ? ಅಲ್ಲಿಗೆ ಮುಗಿಯಿತು. ಮೊದಲೇ ಮೇಷ್ಟ್ರಿಗೆ ಹೇಳಿದರೆ ಅವರೇ 'ಬೇಡ' ಎನ್ನಬಹುದು. ಎರಡರಲ್ಲಿ ಯಾವ ಕಡೆಯಿಂದ ನೋಡಿದರೂ ಮೂರನೇ ಮಹಡಿಯ ಕೋಣೆ, ಪೈಲ್ವಾನ್, ಲಾರಿ, ಗೊಣಗುವ ಫ್ಯಾನು ಎಲ್ಲ ಕೈತಪ್ಪಿ ಹೋಗುವಂತೆ ಕಂಡಿತು. ಆ ಸಂಜೆ ಅಮ್ಮ, "ಯಾಕೆ ಸಪ್ಪಗಿದೀಯಾ? ಏನಾಯ್ತು?" ಎಂದಾಗ, "ಏನೂ ಆಗ್ಲಿಲ್ಲಮ್ಮ, ಅದೇ ತೊಂದ್ರೆ," ಎಂದಳು. ಅಮ್ಮ ಹಣೆ ಮುಟ್ಟಿ ಜ್ವರ ನೋಡಿದರು.

ಮಕ್ಕಳಿಗೆ ಆಗ್ಲಿಲ್ಲ ಅನ್ನಿ ಎಂದು ಬೋಧಿಸಿ ತಾನು ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಯಾವ ಮುಖ ಹೊತ್ತು ಆ ಬೋರ್ಡಿನ ಮುಂದೆ ನಿಲ್ಲುವುದು? ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂದಂತಾಗುತ್ತದೆ. ಮರುದಿನ ಬೆಳಿಗ್ಗೆ ಅವಳು ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದಳು.

ಮೇಷ್ಟ್ರು ಕುರ್ಚಿಯ ಮೇಲಿದ್ದ ಪುಸ್ತಕದ ರಾಶಿಯನ್ನು ನೆಲಕ್ಕಿಳಿಸಿ ಅವಳಿಗೆ ಜಾಗ ಮಾಡಿಕೊಟ್ಟರು. ಅವಳು ಕೂರಲಿಲ್ಲ.

"ಸರ್, ಆ ಘರ್ಷಣೆಯ ತುಂಡು ಬಿಟ್ವಲ್ಲ, ಅದನ್ನ ಯಾಕೆ ಬಿಟ್ವಿ ಅಂತ ನಂಗೆ ಅರ್ಥ ಆಗಿಲ್ಲ. ಆವತ್ತೂ ಆಗಿರ್ಲಿಲ್ಲ. ಆಯ್ತು ಅಂತ ಸುಳ್ಳು ಹೇಳಿದ್ದೆ."

ಒಂದೇ ಉಸಿರಿಗೆ ಹೇಳಿ ಮುಗಿಸಿ, ಬೀಳುವ ಪೆಟ್ಟಿಗೆ ಕಾಯುವವಳ ಹಾಗೆ ನಿಂತಳು. ಮೇಷ್ಟ್ರು ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಯಾಕೆ ಬಿಟ್ವಿ ಅಂದ್ರೆ? ಬಿಡಬಹುದು ಅಂತ ಲೆಕ್ಕ ಮಾಡಿ ನೋಡಿದ್ದು ನೀನಲ್ವೇನಮ್ಮ?"

"ನಾನಾ?"

"ಮತ್ತೆ? ಬಿಟ್ರೂ ಆಗುತ್ತಾ, ನೋಡು ಅಂದೆ ನಾನು. ನಂಗೇ ಅನುಮಾನ ಇತ್ತು. ಮುಂದಿನ ವಾರ ಮರೀದೆ ಕೇಳ್ದೆ, ಅದು ಆಯ್ತಾ ಅಂತ. ಆಯ್ತು ಸರ್ ಅಂದೆ ನೀನು."

"ನಾನು... ಬಿಟ್ಟು ಬರೆದಿದ್ದು ಆಯ್ತು ಅಂದೆ ಸರ್. ನೀವು ಆಗುತ್ತೆ ನೋಡು ಅಂತ ಹೇಳಿದ್ರಿ ಅಂದ್ಕೊಂಡೆ."

"ಆಗುತ್ತಾ ಅಂದಿದ್ದೆ."

"ನಂಗೆ ಆಗುತ್ತೆ ಅಂತ ಕೇಳಿಸ್ತು."

ಬಾಲವಾಡಿಯ ಮಗು ಕೂಡ ತಿದ್ದುವ ಒಂದು ಎತ್ವ, ಒಂದು ದೀರ್ಘ. ಅಷ್ಟರ ಮೇಲೆ ಎರಡು ವರ್ಷದ ಸಂಶೋಧನೆ ಕಾಲು ಮಡಚಿ ಕುಳಿತಿತ್ತು. ಗುರು ಶಿಷ್ಯೆಯನ್ನು ನಂಬಿ ಬಿಟ್ಟರು, ಶಿಷ್ಯೆ ಗುರುವನ್ನು ನಂಬಿ ಬಿಟ್ಟಳು, ಲೆಕ್ಕವನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಮೊದಲು ನಕ್ಕವರು ಮೇಷ್ಟ್ರೇ. ಭುಜ ಕುಣಿಯುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ. ನಾನು ಈಯ್ತಾ ಅಂತ ಕೇಳಿದೆ, ನೀನು ಕಟ್ಟಿ ಹಾಕಿ, ಹುಲ್ಲು ಹಾಕಿ, ಅಧ್ಯಾಯಾನೂ ಬರೆದೆ!"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು.

ಆ ಮಧ್ಯಾಹ್ನ ಇಬ್ಬರೂ ಪ್ರಯೋಗಾಲಯದಲ್ಲಿ ಕುಳಿತರು. ಬೀಗದ ಕೈಯ 'ಮುಟ್ಬೇಡಿ'ಯವರು ಬಾಗಿಲಲ್ಲಿ ನಿಂತು, ಇಬ್ಬರೂ ಕೂಡಿ ತಮ್ಮ ಆಲಿಕೆಗಳಿಗೆ ಏನು ಮಾಡಿಬಿಡುತ್ತಾರೋ ಎಂದು ಕಾವಲು ಕಾದರು. ಹೊಡೆದು ಹಾಕಿದ್ದ ತುಂಡನ್ನು ಸಮೀಕರಣಕ್ಕೆ ವಾಪಸು ಸೇರಿಸಿ ಮೊದಲಿನಿಂದ ಲೆಕ್ಕ ಮಾಡಿದರು. ಅಗಲದ ಆಲಿಕೆಯಲ್ಲಿ ಅದು ಲೆಕ್ಕಕ್ಕಿಲ್ಲದಷ್ಟು ಸಣ್ಣದು. ಕುತ್ತಿಗೆ ಕಿರಿದಾಗುತ್ತ ಹೋದಂತೆ ಅದೇ ಬೆಳೆದು ಬೆಳೆದು ಉಳಿದೆಲ್ಲವನ್ನೂ ನುಂಗಿಬಿಟ್ಟಿತು. ಕಾಳು ಸಿಕ್ಕಿಕೊಳ್ಳುವುದೇ ಗೋಡೆಯ ಘರ್ಷಣೆಯಿಂದ! ಕಳ್ಳನನ್ನು ಹೊರಗೆ ಕಳಿಸಿ ಮನೆಯೆಲ್ಲ ಹುಡುಕಿದಂತಾಗಿತ್ತು. ಎರಡು ವರ್ಷದ ಅವಳ ಅಳತೆಗಳನ್ನು ಹೊಸ ಲೆಕ್ಕದ ಪಕ್ಕ ಇಟ್ಟಾಗ ಒಂದೊಂದೂ ತಂತಮ್ಮ ಜಾಗದಲ್ಲಿ ಬಂದು ಕುಳಿತವು. ಮಣಿ ಅಂಗಡಿಯವನು ನಿರಪರಾಧಿ.

"ಅಳತೆ ಚಿನ್ನದಂಥದ್ದು. ಅಧ್ಯಾಯ ಮಾತ್ರ ಹರಿದು ಹಾಕ್ಬೇಕು," ಎಂದರು ಮೇಷ್ಟ್ರು. ಆಮೇಲೆ ಬಹಳ ಹೊತ್ತು ಮಣಿಗಳನ್ನು ಅಂಗೈಯಲ್ಲಿ ಉರುಳಿಸಿದರು. ನಗು ಎಲ್ಲೋ ಹೋಗಿತ್ತು. "ಮೂವತ್ತು ವರ್ಷ ಪಾಠ ಮಾಡಿದೀನಿ ಕಣಮ್ಮ. ಕ್ಲಾಸಲ್ಲಿ ಯಾರೂ ಏನೂ ಕೇಳಲ್ಲ. ನಾನು ಚೆನ್ನಾಗಿ ಹೇಳ್ತೀನಿ, ಅದಕ್ಕೇ ಅನುಮಾನ ಬರಲ್ಲ ಅಂದ್ಕೊಂಡಿದ್ದೆ. ನಿನ್ ಥರ ಎಷ್ಟು ಜನ ಆಯ್ತು ಸರ್ ಅಂತ ಹೇಳಿ ಹೊರಟುಹೋದ್ರೋ."

ಅವರನ್ನು ನೋಡಿ ಅವಳ ಕರುಳು ಚುರ್ರೆಂದಿತು.

ಸೆಮಿನಾರಿನ ದಿನ ಸಭಾಂಗಣದಲ್ಲಿ ಎಂದಿನ ಹಾಗೆ ಮುಂದಿನ ಸಾಲು ನಿದ್ದೆಗೆ ಸಿದ್ಧವಾಗಿ ಕುಳಿತಿತ್ತು. ಅವಳು ಎದ್ದು, ಕೊನೆಯ ಅಧ್ಯಾಯ ಬಿದ್ದುಹೋಗಿದೆ, ಹೇಗೆ ಬಿತ್ತು ಎಂದು ಹೇಳುತ್ತೇನೆ ಎಂದಳು. ನಿದ್ದೆ ಓಡಿತು. ಒಂದು ಎತ್ವದ ಕಥೆ ಕೇಳಿ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಮೇಲೆ ಅವಳು ಬೋರ್ಡಿನ ಮೇಲೆ ಆ ತುಂಡು ಹೇಗೆ ಬೆಳೆಯುತ್ತದೆ ಎಂದು ಹಂತಹಂತವಾಗಿ ತೋರಿಸಿದಾಗ ಯಾರೂ ನಗಲಿಲ್ಲ, ಮುಂದಕ್ಕೆ ಬಗ್ಗಿ ಕೇಳಿದರು. ಸಮಿತಿಯಲ್ಲೊಬ್ಬರು, "ಇಷ್ಟು ದಿನ ನೋಡದೇ ಇದ್ದಿದ್ದು ನಿರ್ಲಕ್ಷ್ಯ ಅಲ್ವಾ?" ಎಂದು ಸಿಡುಕಿದರು. ಅವಳು ಉತ್ತರ ಕೊಡುವ ಮೊದಲೇ ಮೇಷ್ಟ್ರು ಎದ್ದು ನಿಂತರು.

"ನಿರ್ಲಕ್ಷ್ಯ ನಂದು. ಆಯ್ತಾ ಅಂತ ಕೇಳ್ದೆ, ಏನಾಯ್ತು ತೋರ್ಸು ಅಂತ ಒಂದ್ ದಿನಾನೂ ಕೇಳಲಿಲ್ಲ. ಇವಳಾಗೇ ಬಂದು ಹೇಳದೇ ಇದ್ದಿದ್ರೆ ಈ ತಪ್ಪು ನಮ್ಮಿಬ್ಬರ ಹೆಸರಲ್ಲಿ ಅಚ್ಚಾಗ್ತಿತ್ತು."

'ಅಲಾರಾಂ' ಮೇಡಂ ಸಮಿತಿಯ ಅಧ್ಯಕ್ಷೆ. ಅವರು ಅಕ್ಕಪಕ್ಕದವರ ಕಿವಿಯಲ್ಲಿ ಏನೋ ಹೇಳಿ, ಕೇಳಿ, ಕೊನೆಗೆ ಅವಳತ್ತ ತಿರುಗಿದರು. "ಅಧ್ಯಾಯ ಮತ್ತೆ ಬರಿ. ಒಂದು ವರ್ಷ ಜಾಸ್ತಿ ತಗೋ. ಮುಂದುವರಿಯಲಿ." ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: "ಆ ಫಸ್ಟ್ ಇಯರ್ ಕ್ಲಾಸೂ ನೀನೇ ಇಟ್ಕೊ. ಆದ್ರೆ ಗುಮಾಸ್ತರ ಕುರ್ಚಿ ಕೇಳಿ ತಗೊಂಡು ಹೋಗು."

ಅವಳಿಗೆ ಅಲ್ಲೇ ಕುಣಿಯಬೇಕೆನಿಸಿತು. ಮೆಟ್ಟಿಲಿಳಿಯುವಾಗ ಮೇಷ್ಟ್ರು ಪಕ್ಕಕ್ಕೆ ಬಂದು, ಯಾವುದೋ ಸಣ್ಣ ಸಹಾಯ ಕೇಳುವವರ ಹಾಗೆ ದನಿ ತಗ್ಗಿಸಿದರು. "ಸೋಮವಾರ ನನ್ನ ಎರಡನೇ ವರ್ಷದ ಕ್ಲಾಸಿದೆ. ಬಂದು ಹಿಂದೆ ಕೂತ್ಕೋತೀಯಾ? ನಾನು ಎಲ್ಲಿ ದಾರಿ ತಪ್ಪಿಸ್ತೀನಿ ಅಂತ ನೋಡಿ ಹೇಳು. ನಂಗೆ ಕಾಣಲ್ಲ."

ಸೋಮವಾರ ಅವಳು ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತಳು. ಪಾಠ ಶಾಖದ್ದು. ಈ ಪಾಠ ಅವಳಿಗೆ ನೀರು ಕುಡಿದಷ್ಟು ಸುಲಭ, ನಿದ್ದೆಗಣ್ಣಿನಲ್ಲೂ ಬೋರ್ಡ್ ತುಂಬಿಸಬಲ್ಲಳು. ಮೇಷ್ಟ್ರು ಬರೆಯುತ್ತ ಹೋದರು, ಸಾಲಿನ ಕೆಳಗೆ ಸಾಲು. ಅವಳ ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಮೊದಲೆರಡು ಸಾಲು ಚುರುಕಾಗಿ ಬರೆದುಕೊಂಡಳು. ಮೂರನೇ ಸಾಲಿಗೆ ಅವಳ ಪೆನ್ನು ತಡವರಿಸಿತು. ನಾಲ್ಕನೇ ಸಾಲಿಗೆ ನಿಂತೇಹೋಯಿತು. ತಲೆ ಮಾತ್ರ ತೂಗುತ್ತಲೇ ಇತ್ತು.

ಮೇಷ್ಟ್ರು ತಿರುಗಿದರು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡು, ಹೊಸ ಭಾಷೆ ಮಾತಾಡುವವರ ಹಾಗೆ ತಡೆದು ತಡೆದು ಕೇಳಿದರು: "ಯಾವ ಸಾಲಲ್ಲಿ ನಿಮ್ಮ ಕೈ ಬಿಟ್ಟೆ ನಾನು? ಹೇಳಿ. ಬೇಜಾರು ಮಾಡ್ಕೊಳ್ಳಲ್ಲ."

ಒಬ್ಬರೂ ಉಸಿರೆತ್ತಲಿಲ್ಲ. ಮೂವತ್ತು ವರ್ಷದಲ್ಲಿ ಹೀಗೆ ಕೇಳಿದ್ದು ಅವರು ಅದೇ ಮೊದಲು, ಮಕ್ಕಳಿಗೋ ಇದು ಯಾವ ಹೊಸ ಬಲೆಯೋ ಎಂಬ ಭಯ. ಮೇಷ್ಟ್ರು ಒಂದೊಂದೇ ಮುಖ ನೋಡುತ್ತ ನಿಂತರು. ಅವರ ಮುಖದಲ್ಲಿ ಒಂಥರಾ ಆಸೆ ಇತ್ತು. ಮೌನ ಬೆಳೆದಷ್ಟೂ ಅದು ಬಾಡುತ್ತ ಬಂತು. ಅವರು ಮತ್ತೆ ಸೀಮೆಸುಣ್ಣದ ಕಡೆ ಕೈ ಚಾಚಿದರು.

ಅವಳು ಕೈಯೆತ್ತಿದಳು.

"ಸರ್, ಮೂರನೇ ಸಾಲಿಂದ ನಾಲ್ಕಕ್ಕೆ ಹೇಗೆ ಬಂದ್ವಿ? ನಂಗೆ ಗೊತ್ತಾಗ್ಲಿಲ್ಲ."

ಇಡೀ ತರಗತಿ ಹಿಂತಿರುಗಿ ನೋಡಿತು. ಪಿಎಚ್‌ಡಿ ಮಾಡುವ ಅಕ್ಕನಿಗೇ ಗೊತ್ತಾಗಿಲ್ಲ! ಅವಳಿಗೆ ಗೊತ್ತು ಎನ್ನುವುದು ಮೇಷ್ಟ್ರಿಗೆ ಗೊತ್ತಿತ್ತು. ಅವರು ಅವಳನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು, ತುಟಿಯಂಚು ಅಲುಗಿತು.

"ಒಳ್ಳೇ ಪ್ರಶ್ನೆ," ಎಂದರು.

ಪಕ್ಕದ ಹುಡುಗಿ ಅವಳ ತೋಳನ್ನು ಮೆಲ್ಲಗೆ ತಿವಿದಳು. "ಅಕ್ಕಾ, ನಂಗೆ ಮೂರನೇದೂ ಆಗ್ಲಿಲ್ಲ."

"ನಂಗ್ಯಾಕೆ ಹೇಳ್ತೀಯಾ? ಅವರಿಗೆ ಹೇಳು."

ಹುಡುಗಿಯ ಕೈ ಅರ್ಧಕ್ಕೆ ಎದ್ದು ನಿಂತಿತು, ಆಮೇಲೆ ಪೂರಾ ಎದ್ದಿತು. ಅದನ್ನು ನೋಡಿ ಮುಂದಿನ ಬೆಂಚಿನಲ್ಲೊಂದು ಕೈ, ಗೋಡೆಯ ಪಕ್ಕದಲ್ಲಿ ಮತ್ತೆರಡು. ಇನ್ನೊಬ್ಬ ಹುಡುಗ ಕೈಯೆತ್ತದೆಯೇ, "ಸರ್, ಮೊದಲ್ನೇ ಸಾಲಿಂದಾನೇ ಹೇಳ್ಬಿಡಿ," ಎಂದು ಕೂಗಿದ.

ಮೇಷ್ಟ್ರು ಎತ್ತಿದ ಕೈಗಳನ್ನೆಲ್ಲ ಒಂದೊಂದಾಗಿ ನೋಡಿದರು. ಆಮೇಲೆ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಒರೆಸಿ, ಅಂಗಿಯ ತೋಳು ಮಡಚಿಕೊಂಡು, ಮೊದಲ ಸಾಲನ್ನು ಮತ್ತೆ ಬರೆಯತೊಡಗಿದರು.